ಆಟಗಾರರಿಗೊಂದು ಕಾಗದದ ಕಾಣಿಕೆ

ಕ್ರೀಡಾ ದಿನಾಚರಣೆಯಂದು ಗೆದ್ದವರಿಗೆ ಬಟ್ಟಲು, ಪ್ರಶಸ್ತಿಪತ್ರ, ಚಪ್ಪಾಳೆ ಎಲ್ಲವೂ ದೊರೆಯುತ್ತವೆ. ಅದು ನ್ಯಾಯವೇ ಸರಿ. ಆದರೆ ಮೂರು ವರ್ಷವೂ ಬೆಳಗಿನ ಜಾವ ಮೈದಾನಕ್ಕೆ ಬಂದು ಬೆವರು ಸುರಿಸಿ, ಒಂದು ಬಟ್ಟಲನ್ನೂ ಕಾಣದೆ ಕಾಲೇಜು ಬಿಡುವ ಆಟಗಾರ್ತಿಗೆ ನಾವು ಕೊಡುವುದೇನು? ಸಹಪಾಠಿಗಳಾದ ನಾವು ಕೈಯಾರೆ ಮಾಡಿದ ಒಂದು ಕಾರ್ಡನ್ನಾದರೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಕೊಂಡು ಕೊಟ್ಟರಾಗದೆ ಎಂದು ಮಿತ್ರರು ಕೇಳಬಹುದು. ನಮ್ಮೂರ ಅಂಗಡಿಯ ಕಾರ್ಡುಗಳಿಗೆ ಕ್ರಿಕೆಟ್ ಗೊತ್ತು, ಫುಟ್‌ಬಾಲ್ ಗೊತ್ತು, ಖೋ-ಖೋ ಗೊತ್ತಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ನಮ್ಮ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಕರ್ನಾಟಕದ ಬಿ. ಚೈತ್ರಾ ಆ ಮಹಿಳಾ ತಂಡದಲ್ಲಿದ್ದರು. ಆದರೂ ಅಂಗಡಿಯಲ್ಲಿ ಈ ಆಟದ ಒಂದು ಚಿತ್ರ ಸಿಕ್ಕುವುದಿಲ್ಲ. ಸಿಕ್ಕದುದನ್ನು ನಾವೇ ಮಾಡಿಕೊಳ್ಳುವುದು ಲೇಸಲ್ಲವೆ?

ಮಾಡುವ ಕ್ರಮ ಕಷ್ಟದ್ದಲ್ಲ. 21 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ದಪ್ಪ ಚಿತ್ರದ ಹಾಳೆಯನ್ನು, ಮಡಿಕೆ 21 ಸೆಂಟಿಮೀಟರ್ ಬರುವಂತೆ ನಡುವೆ ಮಡಿಸಬೇಕು. ಮಡಿಕೆಯ ಕಡೆಯಿಂದ 3 ಸೆಂಟಿಮೀಟರ್ ಆಳಕ್ಕೆ ಕತ್ತರಿಸುತ್ತ, 1 ಸೆಂಟಿಮೀಟರ್ ಅಗಲದ ಹತ್ತು ಪಟ್ಟಿಗಳನ್ನು ಬಿಡಿಸಬೇಕು. ಎರಡು ಪಟ್ಟಿಗಳ ನಡುವೆ ಅಷ್ಟೇ ಅಂತರವಿರಲಿ. ಎರಡು ಅಂಚಿನಲ್ಲಿಯೂ ಒಂದೊಂದು ಸೆಂಟಿಮೀಟರ್ ಉಳಿಯುತ್ತದೆ. ಪಟ್ಟಿಗಳನ್ನು ಒಳಕ್ಕೆ ತಳ್ಳಿ, ಕಾರ್ಡನ್ನು ಮೂಲೆಮಟ್ಟಕ್ಕೆ ತೆರೆದರೆ ಅವು ಪುಟ್ಟ ಮೆಟ್ಟಿಲುಗಳಂತೆ ಎದ್ದು ನಿಲ್ಲುತ್ತವೆ. ತುದಿಯ ಎರಡಕ್ಕೆ ಕಂಬಗಳನ್ನೂ ನಡುವಿನ ಎಂಟಕ್ಕೆ ಕುಳಿತ ಆಟಗಾರ್ತಿಯರನ್ನೂ ಅಂಟಿಸಬೇಕು. ಚಿತ್ರದ ಎತ್ತರ 7 ಸೆಂಟಿಮೀಟರ್ ಮೀರಬಾರದು. ಮೀರಿದರೆ ಕಾರ್ಡು ಮುಚ್ಚಿದಾಗ ತಲೆ ಹೊರಗೆ ಇಣುಕುತ್ತದೆ.

ಇಲ್ಲಿಯವರೆಗೆ ಕತ್ತರಿಯ ಕೆಲಸ. ಮುಂದಿನದಕ್ಕೆ ಆಟ ತಿಳಿದಿರಬೇಕು. ಖೋ-ಖೋದಲ್ಲಿ ಅಕ್ಕಪಕ್ಕ ಕುಳಿತವರು ಒಂದೇ ಕಡೆಗೆ ಮುಖ ಮಾಡುವುದಿಲ್ಲ. ಆದ್ದರಿಂದ ಒಬ್ಬಳ ಮುಖ, ಮುಂದಿನವಳ ಬೆನ್ನು, ಹೀಗೆಯೇ ಎಂಟೂ ಬರಬೇಕು. ಎಂಟು ಮುಖಗಳನ್ನೂ ನಮ್ಮ ಕಡೆಗೇ ತಿರುಗಿಸಿದರೆ, ಈ ಗೆಳೆಯ ನನ್ನ ಆಟವನ್ನು ಒಂದು ದಿನವೂ ನೋಡಿಲ್ಲವೆಂದು ಪಡೆದವಳು ಕೂಡಲೆ ಅರಿಯುತ್ತಾಳೆ. ಬೆನ್ನಟ್ಟುವ ತಂಡದಲ್ಲಿ ಒಂಬತ್ತು ಜನ. ಓಡುವ ಒಂಬತ್ತನೆಯವಳ ಚಿತ್ರ ಬೇಡ. ಮುಂದಿನ ಬಯಲಿನಲ್ಲಿ ಅವಳ ಹೆಸರನ್ನು ಬರೆದರೆ ಸಾಕು.

ಪದವಿ ತರಗತಿಯಲ್ಲಿ ಓದುವವರಿಗೆ ಈ ಮಕ್ಕಳಾಟವೇಕೆ ಎಂದು ಕೆಲವರು ನಗಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಮರಗೆಲಸದವರು, ಎರಡು ಸಲ ಅಳೆಯದೆ ಗರಗಸ ಹಿಡಿದವರಲ್ಲ. ಮಗ ಓದಿದ ಮೇಲೆ ಉಳಿ ಮುಟ್ಟಬಾರದೆಂಬುದು ನಮ್ಮಂಥವರ ಮನೆಗಳ ಆಸೆ. ಆ ಆಸೆಯ ಹಿಂದೆ ಎಷ್ಟು ದಣಿವು ಇದೆಯೆಂದು ನಾನು ಬಲ್ಲೆ. ಆದರೆ ಕೈಯ ವಿದ್ಯೆಯನ್ನು ಮರೆಸುವುದೇ ಪದವಿಯ ಫಲವಾದರೆ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾದೀತು. ಅಳತೆ, ತಾಳ್ಮೆ, ಇನ್ನೊಬ್ಬರ ಶ್ರಮವನ್ನು ಗಮನವಿಟ್ಟು ನೋಡುವ ಕಣ್ಣು ಇವು ವಿದ್ಯೆಯಲ್ಲವೆಂದು ಹೇಳುವವರಾರು?

ದೂರವಾಣಿಯಲ್ಲಿ ಒಂದು ಸಂದೇಶ ಕಳುಹಿಸಲು ಕ್ಷಣ ಸಾಕು, ನಿಜ. ಅದನ್ನೇ ನೂರು ಜನರಿಗೂ ಕಳುಹಿಸಬಹುದು. ಈ ಕಾರ್ಡನ್ನು ಒಬ್ಬರಿಗಲ್ಲದೆ ಇನ್ನೊಬ್ಬರಿಗೆ ಕೊಡಲಾಗದು. ಅದೇ ಇದರ ಬೆಲೆ.

ಆದುದರಿಂದ ಗುರುಗಳಲ್ಲಿ ನನ್ನದೊಂದು ಬಿನ್ನಹ. ಮುಂದಿನ ಕ್ರೀಡಾ ದಿನಾಚರಣೆಗೆ ಮೊದಲು ಒಂದು ಮಧ್ಯಾಹ್ನ ಬಿಡುವು ಕೊಡಿರಿ. ಹಾಳೆ, ಗೋಂದು, ಕತ್ತರಿಗಳನ್ನು ನಾವು ತರುತ್ತೇವೆ. ಬಹುಮಾನಗಳು ಮುಗಿದ ಮೇಲೆ, ಆಡಿಯೂ ಗೆಲ್ಲದವರ ಹೆಸರುಗಳನ್ನು ಒಮ್ಮೆ ಕರೆಯೋಣ.