ವಿದ್ಯಾಲಯದ ಬಾಗಿಲು, ಕಾರ್ಖಾನೆಯ ಬಾಗಿಲು

ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡಿ, ಸ್ನಾತಕೋತ್ತರ ಪದವಿಗಾಗಿ ಜರ್ಮನಿಗೆ ತೆರಳಿದ ವಿದ್ಯಾರ್ಥಿಯೊಬ್ಬನು ಈಚೆಗೆ ನಮಗೊಂದು ಪತ್ರವನ್ನು ಬರೆದನು. ಪರೀಕ್ಷೆಗಳಲ್ಲಿ ಅವನಿಗೆ ಒಳ್ಳೆಯ ಅಂಕಗಳು ದೊರೆತಿದ್ದುವು. ಲೇಸರ್ ಉಪಕರಣಗಳನ್ನು ಜೋಡಿಸುವುದರಲ್ಲಿ ಕೈ ಪಳಗಿತ್ತು. ಆದರೆ ತಾನಿದ್ದ ಊರಿನ ಉದ್ದಿಮೆಗಳಿಗೆ ಅವನು ಕಳುಹಿಸಿದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. “ಎರಡು ವರ್ಷ ಈ ಊರಿನಲ್ಲಿದ್ದೆ, ಸಾರ್; ವಿಶ್ವವಿದ್ಯಾನಿಲಯದ ಹೊರಗೆ ನನ್ನ ಹೆಸರು ಬಲ್ಲವರು ಒಬ್ಬರೂ ಇಲ್ಲ” ಎಂಬುದು ಪತ್ರದ ಕೊನೆಯ ಮಾತು. ಅವನ ತಂದೆ ಜಮೀನನ್ನು ಅಡವಿಟ್ಟು ಅವನನ್ನು ಕಳುಹಿಸಿದ್ದರೆಂಬುದನ್ನು ನಾವು ಬಲ್ಲೆವು. ಆದುದರಿಂದ ಆ ಪತ್ರವನ್ನು ಓದಿ ಮಡಿಸಿಟ್ಟು ಸುಮ್ಮನಾಗುವುದು ನಮ್ಮಿಂದಾಗಲಿಲ್ಲ.

ಇದು ಒಬ್ಬನ ಕತೆಯಲ್ಲ. 2022–23ರ ಚಳಿಗಾಲದ ಅವಧಿಯಲ್ಲಿ ಜರ್ಮನಿಯ ಪರದೇಶೀಯ ವಿದ್ಯಾರ್ಥಿಗಳಲ್ಲಿ ಭಾರತೀಯರ ಗುಂಪೇ ಎಲ್ಲಕ್ಕಿಂತ ದೊಡ್ಡದಾಯಿತು. ಮರುವರ್ಷ ಅವರ ಸಂಖ್ಯೆ ಸುಮಾರು 49,000ಕ್ಕೆ ಏರಿತು. ಅವರಲ್ಲಿ ಕನ್ನಡನಾಡಿನ ತರುಣರೂ ಇದ್ದಾರೆ. ಅಲ್ಲಿನ ಕಾನೂನು ಈ ವಿದ್ಯಾರ್ಥಿಗಳಿಗೆ ಪ್ರತಿಕೂಲವಾಗಿಯೇನೂ ಇಲ್ಲ. 2024ರ ಮಾರ್ಚ್ ತಿಂಗಳಿನಿಂದ ಅವರು ವರ್ಷಕ್ಕೆ 140 ಪೂರ್ಣ ದಿನಗಳು ಅಥವಾ 280 ಅರ್ಧ ದಿನಗಳ ಕಾಲ ದುಡಿಯಬಹುದು. ಪಠ್ಯಕ್ರಮದ ಅಂಗವಾದ ಕಡ್ಡಾಯ ತರಬೇತಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಪದವಿ ಪಡೆದ ಬಳಿಕ ಉದ್ಯೋಗವನ್ನು ಅರಸುವುದಕ್ಕಾಗಿ 18 ತಿಂಗಳವರೆಗೆ ಅಲ್ಲಿ ನೆಲಸಬಹುದು. ವಯಸ್ಸಾದವರ ಪ್ರಮಾಣ ಏರುತ್ತಿರುವ ಆ ದೇಶದಲ್ಲಿ ಕುಶಲ ಕೆಲಸಗಾರರ ಕೊರತೆಯೂ ಇದೆ. ಕೆಲಸವಿದೆ, ಕೆಲಸ ಬಲ್ಲವನಿದ್ದಾನೆ, ಕಾನೂನಿನ ಅಪ್ಪಣೆಯಿದೆ. ಹೀಗಿದ್ದೂ ಇಬ್ಬರೂ ಒಬ್ಬರನ್ನೊಬ್ಬರು ಕಾಣದೆ ಹೋಗುವುದೇಕೆ?

ಜರ್ಮನಿಯ ಉದ್ಯಮವೆಂದರೆ ಹೆಸರಾಂತ ಮೋಟಾರು ಕಂಪನಿಗಳಷ್ಟೇ ಅಲ್ಲ. ಪುಟ್ಟ ಊರುಗಳಲ್ಲಿ, ಹಲವು ವೇಳೆ ಒಂದೇ ಕುಟುಂಬದ ಒಡೆತನದಲ್ಲಿ, ಯಂತ್ರಭಾಗಗಳನ್ನೂ ಅಳತೆಯ ಸಾಧನಗಳನ್ನೂ ತಯಾರಿಸುತ್ತಿರುವ ಸಣ್ಣ ಮತ್ತು ಮಧ್ಯಮ ಗಾತ್ರದ ಸಹಸ್ರಾರು ಕಾರ್ಖಾನೆಗಳು ಅದರ ಬೆನ್ನೆಲುಬು. ವಿಶ್ವವಿದ್ಯಾನಿಲಯವು ಸ್ನಾತಕೋತ್ತರ ಪಾಠಗಳನ್ನು ಇಂಗ್ಲಿಷಿನಲ್ಲಿ ಹೇಳಬಹುದು. ಆದರೆ ಇಂಥ ಕಾರ್ಖಾನೆಯಲ್ಲಿ ಕೆಲಸಗಾರರ ಮಾತು ಜರ್ಮನ್. ಪರದೇಶೀಯನ ವಾಸದ ಪರವಾನಗಿ, ಅದರ ಅವಧಿ, ಅದರ ಷರತ್ತು, ಇವೆಲ್ಲ ಚಿಕ್ಕ ಉದ್ದಿಮೆದಾರನಿಗೆ ತಿಳಿಯದ ವಿಷಯಗಳು. ತಿಳಿಯದ ಕಾಗದಪತ್ರಗಳಿಗೆ ಅಂಜಿ ಅವನು ಅರ್ಜಿಯನ್ನು ಪಕ್ಕಕ್ಕಿಡುತ್ತಾನೆ. ದ್ವೇಷಕ್ಕಿಂತ ಅಪರಿಚಯವೇ ಇಲ್ಲಿ ಹೆಚ್ಚಿನ ಅಡ್ಡಿಯೆಂದು ನಮ್ಮ ಅಭಿಪ್ರಾಯ.

ಭೌತಶಾಸ್ತ್ರದಲ್ಲಿ ಇದಕ್ಕೆ ಹೋಲುವ ಸಂಗತಿಯೊಂದುಂಟು. ಗಾಳಿಯಲ್ಲಿ ಬಂದ ಬೆಳಕು ಗಾಜಿನ ಮೇಲೆ ನೇರವಾಗಿ ಬಿದ್ದಾಗ ಅದರಲ್ಲಿ ಶೇಕಡ 4ರಷ್ಟು ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಗಾಜಿನಲ್ಲಿ ದೋಷವಿಲ್ಲ, ಬೆಳಕಿನಲ್ಲಿಯೂ ಇಲ್ಲ. ಎರಡು ಮಾಧ್ಯಮಗಳ ವಕ್ರೀಭವನಾಂಕಗಳು ಬೇರೆಬೇರೆಯಾಗಿರುವುದೇ ಇದಕ್ಕೆ ಕಾರಣ. ಹತ್ತು ಮೇಲ್ಮೈಗಳುಳ್ಳ ಮಸೂರವ್ಯೂಹದಲ್ಲಿ ಹೀಗೆ ಸುಮಾರು ಮೂರನೆಯ ಒಂದು ಭಾಗ ಬೆಳಕು ನಷ್ಟವಾಗುವುದು. ಆದರೆ ಗಾಳಿ ಗಾಜುಗಳ ನಡುವೆ, ಎರಡಕ್ಕೂ ಮಧ್ಯದ ವಕ್ರೀಭವನಾಂಕವುಳ್ಳ ಪದಾರ್ಥದ ತೆಳುಪದರವೊಂದನ್ನು, ಆ ಪದಾರ್ಥದಲ್ಲಿ ಬೆಳಕಿನ ಅಲೆಯುದ್ದದ ಕಾಲುಭಾಗದಷ್ಟು ದಪ್ಪಕ್ಕೆ ಲೇಪಿಸಿದರೆ, ಪದರದ ಎರಡು ಮೈಗಳಿಂದ ಹಿಂದಿರುಗುವ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಬೆಳಕು ಮುಂದೆ ಸಾಗುತ್ತದೆ. ಮಸೂರಗಳಿಗೆ ಇಂಥ ಲೇಪನವನ್ನು ಕೊಡುವ ವಿಧಾನಕ್ಕೆ 1935ರಲ್ಲಿ, ಜರ್ಮನಿಯ ಯೆನಾ ನಗರದ ಝೈಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಎಂಬ ಭೌತಶಾಸ್ತ್ರಜ್ಞರು ಪೇಟೆಂಟು ಪಡೆದರು.

ಈ ಸ್ಮಾಕುಲಾ ಅವರೂ ಪರದೇಶದಿಂದ ಬಂದ ವಿದ್ಯಾರ್ಥಿಯೇ. ಇಂದಿನ ಉಕ್ರೇನಿಗೆ ಸೇರಿದ ಹಳ್ಳಿಯೊಂದರಲ್ಲಿ 1900ರಲ್ಲಿ ಜನಿಸಿ, ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಕಲಿತು ಡಾಕ್ಟರೇಟ್ ಪಡೆದವರು. ಕಾರ್ಖಾನೆಯೊಂದು ಅವರಿಗೆ ಬಾಗಿಲು ತೆರೆಯಿತು. ಇಂದು ಕ್ಯಾಮೆರಾ, ದುರ್ಬೀನು, ಕನ್ನಡಕಗಳ ಗಾಜುಗಳಲ್ಲೆಲ್ಲ ಅಂಥ ಲೇಪನ ಸಾಮಾನ್ಯವಾಗಿದೆ. ಪರದೇಶೀಯನಿಗೆ ಕೆಲಸ ಕೊಡುವುದು ಅವನಿಗೆ ಮಾಡಿದ ಉಪಕಾರವೆಂದಷ್ಟೇ ಎಣಿಸುವವರು ಈ ಸಂಗತಿಯನ್ನು ನೆನೆಯಬೇಕು.

ಅದೇ ಯೆನಾ ನಗರದ ಇತಿಹಾಸದಲ್ಲಿ ಇನ್ನೊಂದು ಪಾಠವಿದೆ. ಕಾರ್ಲ್ ಝೈಸ್ ಅವರು ಅಲ್ಲಿ 1846ರಲ್ಲಿ ಸಣ್ಣದೊಂದು ಕಾರ್ಯಾಗಾರವನ್ನು ತೆರೆದರು. ಅವರ ಸೂಕ್ಷ್ಮದರ್ಶಕಗಳು ಅಂದಾಜಿನ ಮೇಲೆ, ಮತ್ತೆ ಮತ್ತೆ ತಿದ್ದಿ ತಯಾರಾಗುತ್ತಿದ್ದುವು. 1866ರಲ್ಲಿ ಅವರು ಸ್ಥಳೀಯ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕ ಅರ್ನ್ಸ್ಟ್ ಅಬ್ಬೆಯವರ ನೆರವನ್ನು ಕೋರಿದರು. 1873ರಲ್ಲಿ ಅಬ್ಬೆಯವರು ಸೂಕ್ಷ್ಮದರ್ಶಕದಲ್ಲಿ ಬಿಂಬವು ಮೂಡುವ ಬಗೆಯನ್ನು ವಿವರಿಸುವ ಸಿದ್ಧಾಂತವನ್ನು ಪ್ರಕಟಿಸಿದರು. ಮಸೂರ ತಯಾರಿಕೆ ಅಂದಾಜನ್ನು ಬಿಟ್ಟು ಲೆಕ್ಕಾಚಾರವನ್ನು ಹಿಡಿಯಿತು. ನೂಲಿನ ಗಿರಣಿಯ ಕೆಲಸಗಾರನ ಮಗನಾಗಿದ್ದ ಅಬ್ಬೆಯವರು 1889ರಲ್ಲಿ ಕಾರ್ಲ್ ಝೈಸ್ ಪ್ರತಿಷ್ಠಾನವನ್ನು ಸ್ಥಾಪಿಸಿ, ಕಾರ್ಖಾನೆಯ ಲಾಭದಲ್ಲಿ ವಿಶ್ವವಿದ್ಯಾನಿಲಯಕ್ಕೂ ಪಾಲು ದೊರೆಯುವಂತೆ ಮಾಡಿದರು. 1896ರ ಅದರ ನಿಬಂಧನೆಗಳಲ್ಲಿ, ನೌಕರರನ್ನು ನೇಮಿಸುವಾಗ ಹುಟ್ಟು, ಮತ, ರಾಜಕೀಯ ಪಕ್ಷಗಳನ್ನು ಗಣಿಸಕೂಡದೆಂದೂ ವಿಧಿಸಿದರು. ಪಾಠಶಾಲೆಗೂ ಕಾರ್ಖಾನೆಗೂ ನಡುವೆ ಜನರ ಓಡಾಟವಿದ್ದುದರಿಂದ ಆ ಊರು ಬೆಳೆಯಿತು. ಇಂದು ಅಬ್ಬೆಯವರ ಹೆಸರನ್ನು ಹೊತ್ತ ಫೋಟಾನಿಕ್ಸ್ ಶಾಲೆಯಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಪಾಠ ಕೇಳುತ್ತಿದ್ದಾರೆ.

ಇವೆಲ್ಲವನ್ನೂ ನೋಡಿದಾಗ ನಮಗೆ ತೋರುವುದಿಷ್ಟು. ಪರದೇಶೀಯ ವಿದ್ಯಾರ್ಥಿಯನ್ನು ಕರೆದು ಸೇರಿಸಿಕೊಂಡ ವಿಶ್ವವಿದ್ಯಾನಿಲಯವೇ ಆ ನಡುವಿನ ಪದರವಾಗಬೇಕು. ಅರ್ಜಿ ಬರೆಯುವ ಕ್ರಮವನ್ನು ಕಲಿಸಿದ ಮಾತ್ರಕ್ಕೆ ಅದರ ಹೊಣೆ ತೀರದು. ಮೊದಲನೆಯದಾಗಿ, ಪಾಠ ಇಂಗ್ಲಿಷಿನಲ್ಲಿದ್ದರೂ ಮೊದಲ ಅವಧಿಯಿಂದಲೇ ಜರ್ಮನ್ ಭಾಷೆಯ ತರಗತಿಗಳು ವೇಳಾಪಟ್ಟಿಯೊಳಗೆ ಸೇರಿರಬೇಕು. ಪದವಿ ಮುಗಿದ ಮೇಲೆ ಭಾಷೆ ಕಲಿಯಹೊರಡುವುದು ಬಾಯಾರಿದಾಗ ಬಾವಿ ತೋಡಿದಂತೆ. ಎರಡನೆಯದಾಗಿ, ಊರಿನ ಕಾರ್ಖಾನೆಯಲ್ಲಿ ಕೆಲವು ತಿಂಗಳ ತರಬೇತಿ ಪಠ್ಯಕ್ರಮದ ಅಂಗವೇ ಆಗಬೇಕು, ಪ್ರಬಂಧವನ್ನು ಅಲ್ಲಿಯೇ ಬರೆಯುವುದಕ್ಕೂ ಅವಕಾಶವಿರಬೇಕು. ಒಂದು ಬಾರಿ ಜೊತೆಯಲ್ಲಿ ದುಡಿದವನನ್ನು ಯಾರೂ ಅಪರಿಚಿತನೆಂದು ಕಾಣರು. ಮೂರನೆಯದಾಗಿ, ವಿಶ್ವವಿದ್ಯಾನಿಲಯದ ಕಚೇರಿಯವರು ಉದ್ದಿಮೆದಾರರ ಬಳಿಗೆ ತಾವೇ ಹೋಗಿ ಕಾನೂನನ್ನು ತಿಳಿಯಹೇಳಿ, ಅವರ ಅಂಜಿಕೆಯನ್ನು ನಿವಾರಿಸಬೇಕು. ಇದು ಹಗಲುಗನಸಲ್ಲ. ಜರ್ಮನಿಯ ವಿದ್ಯಾವಿನಿಮಯ ಸಂಸ್ಥೆಯಾದ ಡಿಎಎಡಿಯು, ಪರದೇಶೀಯ ವಿದ್ಯಾರ್ಥಿಗಳನ್ನು ಅಲ್ಲಿನ ಉದ್ಯೋಗಗಳಿಗೆ ಅಣಿಗೊಳಿಸುವಂತೆ ವಿಶ್ವವಿದ್ಯಾನಿಲಯಗಳಿಗೆ ನೆರವು ನೀಡುವ ಕಾರ್ಯಕ್ರಮವನ್ನು 2024ರಲ್ಲಿ ಆರಂಭಿಸಿತು.

ವಿಶ್ವವಿದ್ಯಾನಿಲಯವಿರುವುದು ಜ್ಞಾನಕ್ಕಾಗಿ, ಅದು ಉದ್ಯೋಗ ವಿನಿಮಯ ಕೇಂದ್ರವಲ್ಲ ಎಂದು ಆಕ್ಷೇಪಿಸುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಉದ್ದಿಮೆಗಾರರ ಇಚ್ಛೆಯಂತೆ ಪಾಠ ಬದಲಾಗಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಸ್ಥಳೀಯ ವಿದ್ಯಾರ್ಥಿಗೆ ಮಾವನೋ, ನೆರೆಯವನೋ, ಹಳೆಯ ಶಾಲೆಯ ಮೇಷ್ಟ್ರೋ ಹೇಳಿಕೊಡುವ ದಾರಿಯನ್ನು ಪರದೇಶೀಯನಿಗೆ ತೋರಿಸುವವರು ಯಾರು? ಅವನಿಗೆ ಆ ಊರಿನಲ್ಲಿರುವ ಬಂಧು ಅವನ ವಿಶ್ವವಿದ್ಯಾನಿಲಯವೊಂದೇ.

ವಿದ್ಯಾರ್ಥಿಯ ಹೊಣೆಯೂ ಕಡಮೆಯಲ್ಲ. ಪರದೇಶದ ವ್ಯಾಸಂಗವನ್ನು ಬಯಸುವ ನಮ್ಮ ತರುಣರು, ಹೊರಡುವ ಮುನ್ನವೇ ಆ ನಾಡಿನ ಭಾಷೆಯನ್ನು ಕಲಿಯಲಾರಂಭಿಸಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಂಥ ಕಡೆ ಜರ್ಮನ್ ಕಲಿಯಲು ಅನುಕೂಲವಿದೆ. ವಿಶ್ವವಿದ್ಯಾನಿಲಯಗಳ ಸ್ಥಾನಮಾನದ ಪಟ್ಟಿಯನ್ನು ಮಾತ್ರ ನೋಡದೆ, ಆ ಊರಿನಲ್ಲಿ ಯಾವ ಉದ್ದಿಮೆಗಳಿವೆ, ಹಿಂದಿನ ವಿದ್ಯಾರ್ಥಿಗಳು ಅವುಗಳಲ್ಲಿ ಸೇರಿದ್ದಾರೆಯೆ, ತರಬೇತಿ ಪಠ್ಯಕ್ರಮದೊಳಗೆ ಇದೆಯೆ ಎಂಬುದನ್ನು ಬರೆದು ಕೇಳಲಿ. ಸಾಲ ಮಾಡಿ ಹೋಗುವವನಿಗೆ ಹೀಗೆ ಕೇಳುವ ಹಕ್ಕಿದೆ.

ಕಡೆಯದಾಗಿ ಒಂದು ಮಾತು. ಆಫ್ರಿಕ ಮತ್ತು ಪಶ್ಚಿಮ ಏಷ್ಯದ ದೇಶಗಳಿಂದ ಬಂದ ವಿದ್ಯಾರ್ಥಿಗಳು ನಮ್ಮ ಮೈಸೂರು ಬೆಂಗಳೂರುಗಳಲ್ಲಿಯೂ ಓದುತ್ತಿದ್ದಾರೆ. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಇಲ್ಲಿ ಸಾಮಾನ್ಯವಾಗಿ ಸಂಬಳದ ಕೆಲಸಕ್ಕೆ ಸೇರುವಂತಿಲ್ಲ. ಕಾನೂನನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುವ ಅವರನ್ನು ನಾವೆಷ್ಟು ಮಂದಿ ಹೆಸರು ಹಿಡಿದು ಕರೆಯಬಲ್ಲೆವು? ಜರ್ಮನಿಯಿಂದ ಬಂದ ಆ ಪತ್ರದ ಕೊನೆಯ ಸಾಲನ್ನು ಓದಿದಾಗಲೆಲ್ಲ ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳುತ್ತಿದ್ದೇವೆ.