ಎರಡು ಸಲ ಬರೆದ ಪರೀಕ್ಷೆ

ಪರೀಕ್ಷೆಯ ಕಾಲ ಬಂತೆಂದರೆ ನಮ್ಮ ಮನೆಗಳ ರೀತಿಯೇ ಬದಲಾಗಿಬಿಡುತ್ತದೆ. ಟೀವಿಯ ಬಾಯಿ ಮುಚ್ಚುತ್ತದೆ. ಊರಿನಿಂದ ಬರಬೇಕಾದ ನೆಂಟರಿಗೆ "ಪರೀಕ್ಷೆ ಮುಗಿದ ಮೇಲೆ ಬನ್ನಿ" ಎಂದು ಹೇಳಿಕಳಿಸುತ್ತೇವೆ. ತಾಯಂದಿರು ದೇವರ ಮುಂದೆ ಒಂದು ತುಪ್ಪದ ದೀಪವನ್ನು ಹೆಚ್ಚಾಗಿ ಹಚ್ಚುತ್ತಾರೆ. ಇದಕ್ಕೆ ಕಾರಣವಿಲ್ಲದಿಲ್ಲ. ಊರು ಬಿಟ್ಟು ಬಂದವರಿಗೆ ಬಂದ ಊರಿನಲ್ಲಿ ಹೊಲವಿಲ್ಲ, ತೋಟವಿಲ್ಲ, ಹಿರಿಯರ ಹೆಸರಿನ ಆಸರೆಯೂ ಇಲ್ಲ. ಮಕ್ಕಳ ವಿದ್ಯೆಯೇ ಆಸ್ತಿ. ಆದ್ದರಿಂದ ಪರೀಕ್ಷೆಯೆಂದರೆ ನಮಗೆ ಕೊಂಚ ಭಯ, ಕೊಂಚ ಭಕ್ತಿ.

ಈ ಸಲ ನಮ್ಮ ವಾಚಕರಿಗೆ ಬಹು ದೂರದ ಒಂದು ಪರೀಕ್ಷೆಯ ಸಂಗತಿಯನ್ನು ಹೇಳಬೇಕೆಂದಿದ್ದೇನೆ. ಬರೆದವರು ಅಮೆರಿಕದ ಹೈಸ್ಕೂಲು ಮಕ್ಕಳು. ಆದರೆ ಅವರಲ್ಲಿ ಬಹುಮಂದಿ ನಮ್ಮ ಹಾಗೆಯೇ ಊರು ಬಿಟ್ಟು ಬಂದ ಮನೆತನದವರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ.

ಅಮೆರಿಕದಲ್ಲಿ "ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್" ಎಂಬ ಒಂದು ಏರ್ಪಾಡು ೧೯೫೦ರ ದಶಕದಿಂದ ನಡೆದು ಬಂದಿದೆ. ಕಾಲೇಜಿನ ಮೊದಲ ವರ್ಷದ ಪಾಠವನ್ನು ಹೈಸ್ಕೂಲಿನಲ್ಲಿದ್ದಾಗಲೇ ಓದಿ, ಮೇ ತಿಂಗಳಿನಲ್ಲಿ ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಗೆ ಕೂರುವುದು ಅದರ ಕ್ರಮ. "ಕಾಲೇಜ್ ಬೋರ್ಡ್" ಎಂಬ ಸಂಸ್ಥೆ ಇದರ ಯಜಮಾನಿಕೆ ವಹಿಸಿದೆ. ಫಲಿತಾಂಶವನ್ನು ೧ರಿಂದ ೫ರವರೆಗಿನ ಅಂಕದಲ್ಲಿ ತಿಳಿಸುತ್ತಾರೆ. ೩ ಬಂದರೆ ತೇರ್ಗಡೆಯೆಂದು ರೂಢಿ. ಒಳ್ಳೆಯ ಅಂಕ ಪಡೆದವರಿಗೆ ಅನೇಕ ಕಾಲೇಜುಗಳು ಆ ಪಾಠದಿಂದ ವಿನಾಯಿತಿ ಕೊಡುತ್ತವೆ. ಕಾಲವೂ ಉಳಿಯಿತು, ಹಣವೂ ಉಳಿಯಿತು. ಅಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮಕ್ಕಳಿಗೂ ಈ ಹೆಸರು ಹೊಸದಲ್ಲ.

ಈ ಪರೀಕ್ಷೆಗಳಲ್ಲಿ ಎಲ್ಲರೂ ಹೆದರುವುದು ಕಲನಶಾಸ್ತ್ರಕ್ಕೆ. ಗಣಿತ ಬಿಟ್ಟು ಬಹುಕಾಲವಾದವರಿಗಾಗಿ ಒಂದು ಮಾತು. ದಾದರಿನಿಂದ ಠಾಣೆಗೆ ಹೋಗುವ ಲೋಕಲ್ ಗಾಡಿ ಒಟ್ಟು ದೂರವನ್ನು ಎಷ್ಟು ಹೊತ್ತಿನಲ್ಲಿ ಮುಟ್ಟಿತೆಂದು ನೋಡಿದರೆ ಅದರ ಸರಾಸರಿ ವೇಗ ಸಿಕ್ಕುತ್ತದೆ. ಇದಕ್ಕೆ ಭಾಗಾಕಾರ ಸಾಕು. ಆದರೆ ಗಾಡಿ ನಿಲ್ದಾಣ ಬಿಟ್ಟು ಓಟ ಹೆಚ್ಚಿಸಿಕೊಳ್ಳುತ್ತಿರುವಾಗ, ಸರಿಯಾಗಿ ಈ ಕ್ಷಣದಲ್ಲಿ ಅದರ ವೇಗವೆಷ್ಟು? ಕ್ಷಣಕ್ಷಣಕ್ಕೂ ಬದಲಾಗುವ ಆ ವೇಗವನ್ನೇ ಕೊಟ್ಟರೆ, ಗಾಡಿ ಒಟ್ಟು ಎಷ್ಟು ದೂರ ಹೋಯಿತು? ಈ ಎರಡು ಪ್ರಶ್ನೆಗಳೇ ಕಲನಶಾಸ್ತ್ರದ ಎರಡು ಕಣ್ಣುಗಳು. ಪ್ರಶ್ನೆ ಸರಳ; ಆದರೆ ಉತ್ತರಕ್ಕೆ ಬೀಜಗಣಿತ, ರೇಖಾಗಣಿತ, ತ್ರಿಕೋಣಮಿತಿ ಎಲ್ಲವೂ ಕೈವಶವಾಗಿರಬೇಕು. ಕೆಳಗಿನ ಮೆಟ್ಟಿಲು ಮುರಿದಿದ್ದರೆ ಮೇಲಿನದಕ್ಕೆ ಕಾಲಿಡುವಂತಿಲ್ಲ.

ಲಾಸ್ ಏಂಜಲೀಸ್ ನಗರಕ್ಕೆ ತಾಗಿದಂತೆ ಪೂರ್ವಕ್ಕೆ ಗಾರ್ಫೀಲ್ಡ್ ಹೈಸ್ಕೂಲು ಎಂಬ ಶಾಲೆಯಿದೆ. ಅಲ್ಲಿಯ ಮಕ್ಕಳಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದ ಬಡ ಕುಟುಂಬದವರು. ೧೯೭೪ರಲ್ಲಿ ಈ ಶಾಲೆಗೆ ಹೈಮೆ ಎಸ್ಕಲಾಂಟೆ ಎಂಬ ಉಪಾಧ್ಯಾಯರು ಬಂದರು. ಇವರು ೧೯೩೦ರಲ್ಲಿ ಬೊಲಿವಿಯಾ ದೇಶದ ಲಾ ಪಾಸ್ ನಗರದಲ್ಲಿ ಹುಟ್ಟಿದವರು. ತಂದೆ ತಾಯಿ ಇಬ್ಬರೂ ಉಪಾಧ್ಯಾಯರು. ತಾವೂ ಅಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಕಲಿಸಿ ಹೆಸರು ಪಡೆದವರು. ೧೯೬೦ರ ದಶಕದಲ್ಲಿ ಅಮೆರಿಕಕ್ಕೆ ಬಂದಾಗ ಅವರಿಗೆ ಇಂಗ್ಲಿಷ್ ಬಾರದು; ಸ್ವದೇಶದ ಯೋಗ್ಯತಾಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಕಾಫಿ ಅಂಗಡಿಯೊಂದರಲ್ಲಿ ನೆಲ ಒರೆಸಿದರು, ಅಡಿಗೆ ಮಾಡಿದರು, ಮುಂದೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದರು. ಬಿಡುವಿನ ವೇಳೆಯಲ್ಲಿ ಕಾಲೇಜಿಗೆ ಹೋಗಿ, ಒಮ್ಮೆ ಓದಿದ್ದನ್ನು ಮತ್ತೊಮ್ಮೆ ಓದಿ ಪದವಿ ಪಡೆದರು. ತನ್ನ ವಿದ್ಯೆಯನ್ನು ಎರಡನೆಯ ಸಲ ರುಜುವಾತು ಮಾಡಿಕೊಡುವ ಕಷ್ಟ ಏನೆಂಬುದನ್ನು ಆ ಮೇಷ್ಟರು ಶಿಷ್ಯರಿಗಿಂತ ಮೊದಲೇ ಅನುಭವಿಸಿದ್ದರು.

೧೯೭೮ರಲ್ಲಿ ಅವರು ಕಲನಶಾಸ್ತ್ರದ ತರಗತಿಯನ್ನು ಆರಂಭಿಸಿದರು. ಕೊನೆಯವರೆಗೆ ಉಳಿದವರು ಐವರು; ತೇರ್ಗಡೆಯಾದವರು ಇಬ್ಬರು. ಮರುವರ್ಷ ಒಂಬತ್ತು ಮಂದಿಯಲ್ಲಿ ಏಳು ಮಂದಿ. ೧೯೮೧ರಲ್ಲಿ ೧೫ ಮಂದಿಯಲ್ಲಿ ೧೪ ಮಂದಿ. ಶಾಲೆಯ ಗಂಟೆಗೆ ಮುಂಚೆ ಪಾಠ, ಗಂಟೆಯಾದ ಮೇಲೆ ಪಾಠ, ಶನಿವಾರವೂ ಪಾಠ. ಸ್ಪಾನಿಷ್ ಭಾಷೆಯಲ್ಲಿ "ಗಾನಾಸ್" ಎಂಬ ಮಾತೊಂದಿದೆ. ಮಾಡಲೇಬೇಕೆಂಬ ಮನಸ್ಸು, ಹಂಬಲ ಎಂದು ಅದರ ಅರ್ಥ. ಮೇಷ್ಟರು ಮಕ್ಕಳಿಂದ ಮೊದಲು ಕೇಳುತ್ತಿದ್ದುದು ಅದನ್ನೇ.

೧೯೮೨ರ ಮೇ ತಿಂಗಳಿನಲ್ಲಿ ೧೮ ಮಂದಿ ಪರೀಕ್ಷೆಗೆ ಕುಳಿತರು. ೧೮ ಮಂದಿಯೂ ತೇರ್ಗಡೆಯಾದರು. ಶಾಲೆಯಲ್ಲಿ ಹಬ್ಬ! ಆದರೆ ಆ ಸಂತೋಷ ಹೆಚ್ಚು ದಿನ ನಿಲ್ಲಲಿಲ್ಲ. ಪರೀಕ್ಷೆ ನಡೆಸುವ ಸಂಸ್ಥೆಯಿಂದ ೧೪ ಮಂದಿಗೆ ಕಾಗದ ಬಂತು. ಆರನೆಯ ಲೆಕ್ಕದಲ್ಲಿ ಹಲವರು ಒಂದೇ ಬಗೆಯ ತಪ್ಪು ಮಾಡಿದ್ದಾರೆ, ಅಪರೂಪವಾದ ಒಂದೇ ಬಗೆಯ ಸಂಕೇತಾಕ್ಷರಗಳನ್ನು ಬಳಸಿದ್ದಾರೆ, ಆದ್ದರಿಂದ ಅಂಕಗಳ ವಿಷಯದಲ್ಲಿ ಸಂಶಯ ಬಂದಿದೆ ಎಂಬುದು ಅದರ ತಾತ್ಪರ್ಯ. ಅಂಕ ಉಳಿಯಬೇಕಾದರೆ ಮತ್ತೊಮ್ಮೆ ಪರೀಕ್ಷೆ ಬರೆಯಬೇಕು.

ಹದಿನೇಳು ಹದಿನೆಂಟು ವಯಸ್ಸಿನ ಮಕ್ಕಳ ಮನಸ್ಸು ಆಗ ಹೇಗಿದ್ದಿರಬೇಕು, ಊಹಿಸಿ ನೋಡಿ. ಬರೆಯುವುದಿಲ್ಲವೆಂದರೆ "ಕಳ್ಳರು, ಆದ್ದರಿಂದಲೇ ಹೆದರಿದರು" ಎಂಬ ಮಾತು ಬರುತ್ತದೆ. ಬರೆಯುತ್ತೇವೆಂದರೆ ಸಂಶಯಕ್ಕೆ ತಾವೇ ಒಪ್ಪಿಗೆಯ ಮುದ್ರೆ ಒತ್ತಿದಂತೆ. ಬೇಸಿಗೆಯ ರಜದಲ್ಲಿ ಮರೆತು ಹೋಗಿದ್ದರೆ? ಎರಡನೆಯ ಸಲ ತಪ್ಪಿದರೆ ಮೊದಲನೆಯದೂ ಸುಳ್ಳೆಂದೇ ಲೋಕ ತೀರ್ಮಾನಿಸುವುದಿಲ್ಲವೇ?

ಉತ್ತರಗಳಲ್ಲಿ ಹೋಲಿಕೆ ಇದ್ದದ್ದು ನಿಜ. ಅದನ್ನು ಕಂಡು ಪರೀಕ್ಷಕರು ಸುಮ್ಮನಿರಬೇಕಿತ್ತೆಂದು ಹೇಳಲಾಗದು. ಆದರೆ ಒಬ್ಬರೇ ಮೇಷ್ಟರ ಬಳಿ, ಒಂದೇ ಹಲಗೆಯ ಮುಂದೆ, ಒಂದೇ ರೀತಿಯನ್ನು ನೂರು ಸಲ ತಿದ್ದಿದ ಮಕ್ಕಳು ಒಂದೇ ತರಹ ಬರೆಯುವುದೂ ಅಸಂಭವವೇನಲ್ಲ. ಇವರ ಹೆಸರುಗಳು ಬೇರೆಯಾಗಿದ್ದರೆ, ಶಾಲೆ ಶ್ರೀಮಂತರ ಬಡಾವಣೆಯಲ್ಲಿದ್ದಿದ್ದರೆ ಈ ಕಾಗದ ಬರುತ್ತಿರಲಿಲ್ಲವೆಂಬುದು ಎಸ್ಕಲಾಂಟೆಯವರ ಅಚಲವಾದ ನಂಬಿಕೆ. ಹಾಗಲ್ಲವೆಂಬುದು ಸಂಸ್ಥೆಯವರ ವಾದ. ಆ ಒಂದು ಲೆಕ್ಕದ ಚರ್ಚೆ ಅಲ್ಲಿಗೇ ನಿಲ್ಲದೆ ಮುಂದೆಯೂ ನಡೆದಿದೆ. ಅದನ್ನು ಇಲ್ಲಿ ಕೂತು ತೀರ್ಮಾನಿಸಲು ನಾವು ಯಾರು? ಮಕ್ಕಳು ಏನು ಮಾಡಿದರೆಂಬುದು ಮಾತ್ರ ಸ್ಪಷ್ಟವಾಗಿದೆ.

೧೪ ಮಂದಿಯಲ್ಲಿ ೧೨ ಮಂದಿ ಮತ್ತೆ ಪರೀಕ್ಷೆಗೆ ಕುಳಿತರು. ಹೊಸ ಪ್ರಶ್ನೆಪತ್ರಿಕೆ, ಹಳೆಯ ಹಂಬಲ. ೧೨ ಮಂದಿಯೂ ತೇರ್ಗಡೆಯಾದರು. ಅವರ ಅಂಕಗಳನ್ನು ಸಂಸ್ಥೆ ಎತ್ತಿಹಿಡಿಯಿತು. ಅವರಿಗೆ ಕಲನಶಾಸ್ತ್ರ ಬರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮರುವರ್ಷ ಆ ಶಾಲೆಯಿಂದ ಪರೀಕ್ಷೆಗೆ ಕುಳಿತವರು ೩೩ ಮಂದಿ. ೧೯೮೭ರ ಹೊತ್ತಿಗೆ ೮೦ಕ್ಕೂ ಹೆಚ್ಚು ಮಕ್ಕಳು ತೇರ್ಗಡೆಯಾಗುವ ಮಟ್ಟಕ್ಕೆ ಶಾಲೆ ಬೆಳೆಯಿತು.

ಈ ಕಥೆಯನ್ನು ೧೯೮೮ರಲ್ಲಿ "ಸ್ಟ್ಯಾಂಡ್ ಅಂಡ್ ಡೆಲಿವರ್" ಎಂಬ ಚಿತ್ರವಾಗಿ ತೆಗೆದರು. ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಮೇಷ್ಟರ ಪಾತ್ರವನ್ನು ಬಹು ಚೆನ್ನಾಗಿ ಮಾಡಿದ್ದಾರೆ. ಮಕ್ಕಳೊಡನೆ ಕೂತು ನೋಡಬಹುದಾದ ಚಿತ್ರ. ಆದರೆ ನೋಡುವಾಗ ಒಂದನ್ನು ನೆನಪಿನಲ್ಲಿಡಬೇಕು. ಭಿನ್ನರಾಶಿಯೂ ಬಾರದ ಮಕ್ಕಳು ಬಲು ಬೇಗ ಕಲನಶಾಸ್ತ್ರಕ್ಕೆ ಹಾರಿದರೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ನಿಜವಾಗಿ ನಡೆದದ್ದು ಹಾಗಲ್ಲ. ಮೇಷ್ಟರು ಶಾಲೆಗೆ ಬಂದು ಕಲನಶಾಸ್ತ್ರದ ಮೊದಲ ತರಗತಿ ತೆಗೆಯುವುದಕ್ಕೇ ನಾಲ್ಕು ವರ್ಷ ಹಿಡಿಯಿತು. ೧೮ ಮಂದಿ ತೇರ್ಗಡೆಯಾಗುವುದಕ್ಕೆ ಎಂಟು ವರ್ಷ. ಬೆನ್ ಹಿಮೆನೆಸ್ ಎಂಬ ಇನ್ನೊಬ್ಬ ಗಣಿತದ ಉಪಾಧ್ಯಾಯರು ಜೊತೆಗೆ ನಿಂತು ದುಡಿದರು. ಹೆನ್ರಿ ಗ್ರಾಡಿಯಾಸ್ ಎಂಬ ಮುಖ್ಯೋಪಾಧ್ಯಾಯರು ಬೆಂಬಲ ಕೊಟ್ಟರು. ಮುಂದೆ ನೆರೆಯ ಕಾಲೇಜಿನಲ್ಲಿ ಬೇಸಿಗೆಯ ತರಗತಿಗಳೂ ನಡೆದುವು. ೧೯೯೧ರಲ್ಲಿ ಎಸ್ಕಲಾಂಟೆಯವರು ಆ ಶಾಲೆಯನ್ನು ಬಿಟ್ಟರು. ಅವರ ಕಾಲದ ಫಲಿತಾಂಶ ಆಮೇಲೆ ಉಳಿಯಲಿಲ್ಲ. ೨೦೧೦ರಲ್ಲಿ ಅವರು ತೀರಿಕೊಂಡರು.

ಮರುಪರೀಕ್ಷೆಯಲ್ಲಿ ಮಕ್ಕಳ ಮಾನ ಉಳಿಸಿದ್ದು ಆ ದಿನದ ಧೈರ್ಯವೊಂದೇ ಅಲ್ಲ. ಅದರ ಹಿಂದಿದ್ದ ಅಷ್ಟೂ ಶನಿವಾರಗಳು. ಉರುಹಾಕಿದ ವಿದ್ಯೆ ಪರೀಕ್ಷೆಯ ಮಂಟಪದಿಂದ ಹೊರಗೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. ಅರಿತದ್ದಾದರೆ, ಯಾರು ಯಾವಾಗ ಕೇಳಿದರೂ ಕೈಗೆ ಬರುತ್ತದೆ. ಮುಂಬಯಿಯ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಕೆಯನ್ನು ತಡೆದುಕೊಂಡು ಓದಿ ಮೇಲೆ ಬಂದ ಒಂದು ತಲೆಮಾರೇ ಆ ನಗರದಲ್ಲಿ ಆಗಿಹೋಗಿದೆ.

ಇನ್ನೊಂದು ವಿಷಯವನ್ನು ಹೇಳದಿರಲಾರೆ. ಆ ಪರೀಕ್ಷೆಯಲ್ಲಿ ಇಷ್ಟೇ ಮಂದಿ ತೇರ್ಗಡೆಯಾಗಬೇಕೆಂಬ ಕಟ್ಟಿಲ್ಲ. ಪಕ್ಕದವನಿಗೆ ೫ ಬಂದರೆ ನನ್ನ ೫ಕ್ಕೆ ಕುಂದಿಲ್ಲ. ಆದ್ದರಿಂದಲೇ ಎಸ್ಕಲಾಂಟೆಯವರು ಇಡೀ ತರಗತಿಯನ್ನು ಒಂದು ಪಂದ್ಯದ ತಂಡದಂತೆ ಕಟ್ಟಲು ಸಾಧ್ಯವಾಯಿತು. ಎದುರಾಳಿ ಪರೀಕ್ಷೆ, ಸಹಪಾಠಿಯಲ್ಲ. ನಮ್ಮ ಎಂಜಿನಿಯರಿಂಗ್, ವೈದ್ಯಕೀಯ ಪ್ರವೇಶಪರೀಕ್ಷೆಗಳು ಹಾಗಿಲ್ಲ. ಸ್ಥಾನಗಳು ಕೆಲವು, ಬಯಸುವವರು ಲಕ್ಷಾಂತರ. ರ್‍ಯಾಂಕಿನ ಲೆಕ್ಕದಲ್ಲಿ ಗೆಳೆಯನೂ ಪ್ರತಿಸ್ಪರ್ಧಿಯಾಗುತ್ತಾನೆ. ಆ ನಿಯಮವನ್ನು ನಾವು ನೀವು ಬದಲಿಸಲಾರೆವು. ಮನೆಯ ನಿಯಮವನ್ನಾದರೂ ಬದಲಿಸಬಹುದು. "ಎದುರುಮನೆಯ ಹುಡುಗನಿಗೆ ಎಷ್ಟು ಬಂತು?" ಎಂದು ಕೇಳುವ ಬದಲು "ಆ ಲೆಕ್ಕ ಇಬ್ಬರಿಗೂ ತಿಳಿಯಿತೇ?" ಎಂದು ಕೇಳಬಹುದು. ನಮ್ಮ ಸಂಘಗಳ ಕಟ್ಟಡಗಳು ಶನಿವಾರ ಮಧ್ಯಾಹ್ನ ಬೀಗ ಹಾಕಿಕೊಂಡಿರುವ ಬದಲು ನಾಲ್ಕು ಮಕ್ಕಳು ಕೂಡಿ ಗಣಿತ ಮಾಡುವ ಜಾಗವಾಗಬಹುದು. ಒಂದು ಕಪ್ಪು ಹಲಗೆ, ಗಣಿತ ಬಲ್ಲ ಒಬ್ಬ ನಿವೃತ್ತ ಮೇಷ್ಟರು ಸಿಕ್ಕರೆ ಆರಂಭಕ್ಕೆ ಸಾಕು.

ಹಾಗೆ ಆರಂಭಿಸಿದರೂ ಮೊದಲ ವರ್ಷ ಐವರು ಬಂದು ಇಬ್ಬರೇ ನಿಲ್ಲಬಹುದು. ಗಾರ್ಫೀಲ್ಡ್ ಶಾಲೆಯಲ್ಲಿಯೂ ಆಗ ತೇರ್ಗಡೆಯಾದವರು ಇಬ್ಬರೇ ಎಂಬುದನ್ನು ಮರೆಯದಿದ್ದರೆ ಸರಿ.