ಸೋತದ್ದು ಯಾವ ಊಹೆ?

ಮಳೆ ಸುರಿದರೆ ಅಂಗಳ ಒದ್ದೆಯಾಗುತ್ತದೆ. ಬೆಳಿಗ್ಗೆ ಒದ್ದೆಯಾದ ಅಂಗಳವನ್ನು ಕಂಡವರು ರಾತ್ರಿ ಮಳೆ ಬಂದಿರಬೇಕೆಂದು ತೀರ್ಮಾನಿಸುವುದು ಸಹಜ. ತರ್ಕಶಾಸ್ತ್ರ ಮಾತ್ರ ಅದನ್ನು ಒಪ್ಪದು. ಯಾರೋ ನೀರು ಚಿಮುಕಿಸಿರಲೂಬಹುದು. ಆದರೆ ಅಂಗಳ ಒಣಗಿಯೇ ಇದ್ದರೆ ಮಳೆ ಬಂದಿಲ್ಲವೆಂಬ ತೀರ್ಮಾನ ತರ್ಕಸಮ್ಮತ. ನಿರೀಕ್ಷಿಸಿದ ಫಲ ದೊರೆತರೆ ಊಹೆ ಸಿದ್ಧವಾಗುವುದಿಲ್ಲ. ದೊರೆಯದಿದ್ದರೆ ಊಹೆ ಬೀಳುತ್ತದೆ. ಈ ಅಸಮತೆಯ ಮೇಲೆಯೇ ಕಾರ್ಲ್ ಪಾಪರ್ 1934ರಲ್ಲಿ ತನ್ನ ವಿಜ್ಞಾನದರ್ಶನವನ್ನು ಕಟ್ಟಿದನು. ಯಾವ ಅನುಭವದಿಂದಲೂ ಸುಳ್ಳಾಗಲಾರದ ಮಾತು ಎಷ್ಟೇ ಆಕರ್ಷಕವಾಗಿದ್ದರೂ ವಿಜ್ಞಾನವಲ್ಲ ಎಂಬುದು ಆತನ ನಿಲುವು.

ಆದರೆ ಖಂಡನೆ ಅಷ್ಟು ಸುಲಭವೇ? ಅಂಗಳಕ್ಕೆ ಚಪ್ಪರ ಹಾಕಿದ್ದರೆ ಮಳೆ ಬಂದರೂ ನೆಲ ಒಣಗಿಯೇ ಇರುತ್ತದೆ. ಚಪ್ಪರವಿಲ್ಲ ಎಂಬ ಷರತ್ತು ಮೊದಲ ವಾಕ್ಯದೊಳಗೆ ಮಾತಿಲ್ಲದೆ ಅಡಗಿತ್ತು. ಇಂಥ ಅಡಗಿದ ಷರತ್ತನ್ನು ನಮ್ಮ ನೈಯಾಯಿಕರು ಚೆನ್ನಾಗಿ ಬಲ್ಲರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆ ಏಳಲು ಹಸಿ ಕಟ್ಟಿಗೆ ಬೇಕು. ಆ ಹಸಿ ಕಟ್ಟಿಗೆಯನ್ನು ಅವರು ‘ಉಪಾಧಿ’ ಎಂದು ಕರೆದರು. ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಡ್ಯೂಹೆಮ್ 1906ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಹತ್ತಿರದ ವಿಚಾರವನ್ನು ಇನ್ನಷ್ಟು ಮುಂದಕ್ಕೆ ಒಯ್ದನು. ಯಾವ ಸಿದ್ಧಾಂತವೂ ಪರೀಕ್ಷೆಯ ಕಟಕಟೆಗೆ ಒಂಟಿಯಾಗಿ ಬರುವುದಿಲ್ಲ; ಉಪಕರಣಗಳ ಕುರಿತಾದ, ಪರಿಸರದ ಕುರಿತಾದ ಹತ್ತಾರು ಸಹಾಯಕ ಊಹೆಗಳೊಡನೆ ಬರುತ್ತದೆ. ಭವಿಷ್ಯಕಥನ ತಪ್ಪಿದಾಗ ಆ ಗುಂಪಿನಲ್ಲಿ ಒಂದಾದರೂ ಸುಳ್ಳೆಂದು ತರ್ಕ ಹೇಳುತ್ತದೆ. ಅಪರಾಧಿ ಯಾರೆಂದು ಬೊಟ್ಟು ಮಾಡುವುದಿಲ್ಲ.

ಖಗೋಳವಿಜ್ಞಾನದ ಇತಿಹಾಸ ಇದಕ್ಕೆ ಅಚ್ಚುಕಟ್ಟಾದ ಜೋಡಿ ನಿದರ್ಶನವನ್ನು ಒದಗಿಸಿದೆ. 1781ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಯುರೇನಸ್ ಗ್ರಹ ಮುಂದೆ ನ್ಯೂಟನ್ನನ ನಿಯಮದಂತೆ ಲೆಕ್ಕ ಹಾಕಿದ ದಾರಿಯಿಂದ ಸ್ವಲ್ಪ ಸ್ವಲ್ಪವಾಗಿ ಸರಿಯತೊಡಗಿತು. ಹಾಗೆಂದು ನ್ಯೂಟನ್ನನ ನಿಯಮವನ್ನು ಕೈಬಿಡಬೇಕಿತ್ತೇ? ಪ್ಯಾರಿಸ್ಸಿನ ಲೆವೆರಿಯೆ ಬಿಡಲಿಲ್ಲ. ತಪ್ಪು ನಿಯಮದ್ದಲ್ಲ, ಆಚೆಗೆ ಬೇರೆ ಗ್ರಹವಿಲ್ಲವೆಂಬ ಮೌನ ಊಹೆಯದು ಎಂದು ಬಗೆದು, ಕಾಣದ ಆ ಗ್ರಹದ ಸ್ಥಾನವನ್ನು ಗಣಿತದಿಂದಲೇ ಗೊತ್ತುಮಾಡಿದನು. ಇಂಗ್ಲೆಂಡಿನಲ್ಲಿ ಆಡಮ್ಸ್ ಕೂಡ ಸ್ವತಂತ್ರವಾಗಿ ಇದೇ ಲೆಕ್ಕದಲ್ಲಿ ತೊಡಗಿದ್ದನು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ ವೀಕ್ಷಣಾಲಯದಲ್ಲಿ ಗಾಲೆ ದೂರದರ್ಶಕವನ್ನು ತಿರುಗಿಸಿದಾಗ ಲೆವೆರಿಯೆ ಹೇಳಿದ ಸ್ಥಾನಕ್ಕೆ ಒಂದು ಡಿಗ್ರಿಯೊಳಗೆ ನೆಪ್ಚೂನ್ ಕಾಣಿಸಿತು.

ಬುಧಗ್ರಹವೂ ಇಂಥದೇ ತೊಡಕನ್ನು ಒಡ್ಡಿತು. ಅದರ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪವಾದ ಬಿಂದು, ತಿಳಿದ ಗ್ರಹಗಳ ಸೆಳೆತವನ್ನೆಲ್ಲ ಕಳೆದ ಮೇಲೂ, ಶತಮಾನಕ್ಕೆ ಸುಮಾರು 38 ವಿಕಲೆಯಷ್ಟು ಹೆಚ್ಚಾಗಿ ಮುಂದೆ ಸರಿಯುತ್ತಿದೆಯೆಂದು ಲೆವೆರಿಯೆ 1859ರಲ್ಲಿ ತಿಳಿಸಿದನು. ಒಂದು ಡಿಗ್ರಿಯ 3600ನೆಯ ಒಂದು ಪಾಲೇ ವಿಕಲೆ. ಮುಂದಿನ ಲೆಕ್ಕಗಳು ಈ ಅಂಕಿಯನ್ನು 43ಕ್ಕೆ ತಿದ್ದಿದವು. ಲೆವೆರಿಯೆಯ ಮದ್ದು ಹಳೆಯದೇ: ಬುಧನಿಗೂ ಒಳಗೆ ಕಾಣದ ವಸ್ತುವಿದೆ. ಆ ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ಸಿಕ್ಕಿತು. ಲೆಕಾರ್ಬೊ ಎಂಬ ಹಳ್ಳಿಯ ವೈದ್ಯ ತಾನದನ್ನು ಕಂಡೆನೆಂದನು. ಆದರೆ ದಶಕಗಳ ಹುಡುಕಾಟದಲ್ಲಿ ಅದು ಖಚಿತವಾಗಿ ಸಿಕ್ಕಲೇ ಇಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತನ್ನ ಹೊಸ ಗುರುತ್ವ ಸಿದ್ಧಾಂತದಿಂದ ಆ 43 ವಿಕಲೆಗಳನ್ನು ಹೊಸ ಗ್ರಹದ ನೆರವಿಲ್ಲದೆ ವಿವರಿಸಿದನು. ಈ ಬಾರಿ ಸೋತದ್ದು ನ್ಯೂಟನ್ನನ ನಿಯಮವೇ.

ಒಬ್ಬನೇ ವಿಜ್ಞಾನಿ, ಒಂದೇ ಬಗೆಯ ತರ್ಕ. ಒಮ್ಮೆ ಗೆಲುವು, ಒಮ್ಮೆ ಸೋಲು. ಆದರೂ ಎರಡನೆಯ ಸಲ ಲೆವೆರಿಯೆ ಅವೈಜ್ಞಾನಿಕವಾಗಿ ನಡೆದನೆನ್ನುವಂತಿಲ್ಲ. ವಲ್ಕನ್ ಇದ್ದರೆ ಗ್ರಹಣಕಾಲದಲ್ಲೋ ಸೂರ್ಯಬಿಂಬವನ್ನು ದಾಟುವಾಗಲೋ ಕಾಣಬೇಕಿತ್ತು. ಎಲ್ಲಿ ನೋಡಬೇಕೆಂದು ಹೇಳಿದ ಊಹೆ ಅದು. ಆದುದರಿಂದಲೇ ಅದು ಸೋಲಲು ಸಾಧ್ಯವಾಯಿತು. ಸಿದ್ಧಾಂತವನ್ನು ಉಳಿಸಲು ಹೊಸ ಊಹೆಯನ್ನು ತರುವುದು ತಪ್ಪಲ್ಲ. ಬೇರೆ ಪರೀಕ್ಷೆಗೆ ಒಳಗಾಗದ ಊಹೆಯನ್ನು ತರುವುದು ತಪ್ಪು. ಪಾಪರ್ ಕೂಡ ಇದೇ ಷರತ್ತನ್ನು ವಿಧಿಸಿದ್ದನು.

ಈ ವಿಚಾರ ಪಂಡಿತರ ಗೋಷ್ಠಿಗಷ್ಟೇ ಸೀಮಿತವಲ್ಲ. 1993ರ ಡಾಬರ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ತಜ್ಞನ ಸಾಕ್ಷ್ಯವನ್ನು ಸ್ವೀಕರಿಸುವ ಮುನ್ನ ಅದರ ಹಿಂದಿನ ಸಿದ್ಧಾಂತವನ್ನು ಪರೀಕ್ಷಿಸಲು ಸಾಧ್ಯವೇ, ಪರೀಕ್ಷಿಸಲಾಗಿದೆಯೇ ಎಂದು ನ್ಯಾಯಾಧೀಶರು ನೋಡಬೇಕೆಂದಿತು. ಪಾಪರ್‌ನ ಹೆಸರನ್ನೂ ಉಲ್ಲೇಖಿಸಿತು. ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಮಾತ್ರ, ಈ ಮಾನದಂಡದ ಅರ್ಥವೇ ತಮಗೆ ತಿಳಿಯದೆಂದು ಪ್ರತ್ಯೇಕ ಅಭಿಪ್ರಾಯದಲ್ಲಿ ಬರೆದರು. ಡ್ಯೂಹೆಮ್‌ನನ್ನು ಓದಿದವರಿಗೆ ಆ ಹಿಂಜರಿಕೆ ತೀರ ಅಸಮಂಜಸವೆನಿಸದು.

ಸುಳ್ಳುಪತ್ತೆ ಯಂತ್ರವನ್ನೇ ನೋಡೋಣ. ಅದು ಅಳೆಯುವುದು ಉಸಿರಾಟ, ರಕ್ತದೊತ್ತಡ, ಬೆವರನ್ನು; ಸುಳ್ಳನ್ನಲ್ಲ. ಸುಳ್ಳಾಡಿದವನು ಕಳವಳಗೊಳ್ಳುತ್ತಾನೆ, ನಿಜವಾಡಿದವನು ಶಾಂತನಾಗಿರುತ್ತಾನೆ ಎಂಬ ಸಹಾಯಕ ಊಹೆಯ ಮೇಲೆ ಇಡೀ ಕಟ್ಟಡ ನಿಂತಿದೆ. ನಿರಪರಾಧಿಯೂ ಪೊಲೀಸರೆದುರು ನಡುಗಬಲ್ಲನು. ಫಲಿತಾಂಶ ತಪ್ಪಿದಾಗಲೆಲ್ಲ ‘ಆತ ಹೆದರಿದ್ದ’, ‘ಆತ ಪಳಗಿದ್ದ’ ಎನ್ನುತ್ತ ಹೋದರೆ, ವಲ್ಕನ್ನಿಗಿದ್ದ ಸೋಲುವ ಯೋಗ್ಯತೆಯೂ ಆ ವಿವರಣೆಗೆ ಇರುವುದಿಲ್ಲ. ಭಾರತದ ಸುಪ್ರೀಂ ಕೋರ್ಟು 2010ರ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನಲ್ಲಿ ಇಂಥ ಪರೀಕ್ಷೆಗಳನ್ನು ಬಲವಂತವಾಗಿ ನಡೆಸಕೂಡದೆಂದಿತು. ಸಂವಿಧಾನದ 20(3) ಮತ್ತು 21ನೆಯ ವಿಧಿಗಳೇ ಅದರ ಮುಖ್ಯ ಆಧಾರ. ಆದರೂ ಅವುಗಳ ವೈಜ್ಞಾನಿಕ ಮಿತಿಗಳನ್ನೂ ಅದು ವಿಸ್ತಾರವಾಗಿ ಚರ್ಚಿಸಿತು.

ತಜ್ಞರ ಅಭಿಪ್ರಾಯವನ್ನು 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಮು ಪ್ರಸ್ತುತವೆಂದಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ಅದನ್ನೇ ಮುಂದುವರಿಸಿದೆ. ಅಭಿಪ್ರಾಯದ ಆಧಾರಗಳೂ ಪ್ರಸ್ತುತವೆಂದು ಕಾನೂನು ಹೇಳುತ್ತದೆ. ಆದುದರಿಂದ ಕಟಕಟೆಯಲ್ಲಿ ನಿಂತ ತಜ್ಞರನ್ನು ಪದವಿಗಳೆಷ್ಟೆಂದು ಕೇಳಿ ಕೈಬಿಡಬಾರದು. ಏನನ್ನು ಕಂಡರೆ ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡುವಿರಿ ಎಂದೂ ಕೇಳಬೇಕು. ಲೆವೆರಿಯೆಯ ಬಳಿ ಈ ಪ್ರಶ್ನೆಗೆ ಉತ್ತರವಿತ್ತು. ಉತ್ತರವೇ ಇಲ್ಲದ ತಜ್ಞತೆಯ ಮೇಲೆ ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ತೂಗುವುದು ನ್ಯಾಯವಲ್ಲ.